ಗ್ರಂಥಾಲಯದ ಪುಸ್ತಕಕ್ಕೆ ಆಕ್ಷೇಪ ಬಂದಾಗ

ಸಾರ್ವಜನಿಕ ಗ್ರಂಥಾಲಯವು ಸಮಾಜದ ಎಲ್ಲ ವರ್ಗದವರ ಸೊತ್ತು. ನಾವು ಸಲ್ಲಿಸುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿರುತ್ತದೆ. ತೆರಿಗೆಯ ಪ್ರತಿ ರೂಪಾಯಿಗೆ ತೆಲಂಗಾಣದಲ್ಲಿ ಅದು 8 ಪೈಸೆ, ಕರ್ನಾಟಕದಲ್ಲಿ 6 ಪೈಸೆ. ಹೀಗೆ ಎಲ್ಲರ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಎಲ್ಲರಿಗೂ ಮೆಚ್ಚುಗೆಯಾಗುವ ಪುಸ್ತಕಗಳು ಮಾತ್ರ ಇರತಕ್ಕದ್ದೆಂದು ಹಟ ಹಿಡಿದರೆ ಕಪಾಟುಗಳು ಬರಿದಾಗುವುದು ನಿಶ್ಚಯ. ಆದರೂ ಓದುಗನೊಬ್ಬನಿಗೆ ಒಂದು ಪುಸ್ತಕದಿಂದ ನೋವಾದಾಗ ಆತನ ಮಾತನ್ನು ಕೇಳಿಸಿಕೊಳ್ಳುವುದು ಗ್ರಂಥಾಲಯದ ಕರ್ತವ್ಯವೇ ಆಗಿದೆ. ಈ ಎರಡು ಹೊಣೆಗಳನ್ನು ಒಟ್ಟಿಗೆ ನಿಭಾಯಿಸುವ ಬಗೆ ಹೇಗೆ? ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದೇನು? ಈ ಪ್ರಶ್ನೆಗಳನ್ನು ಇಲ್ಲಿ ಅವಲೋಕಿಸೋಣ.

ಹೈದರಾಬಾದಿನ ಕನ್ನಡ ಕಪಾಟು

ಮೆಹದಿಪಟ್ಟಣಂ, ಹುಮಾಯೂನ್‌ನಗರ, ಟೋಲಿಚೌಕಿಗಳ ಸುತ್ತಮುತ್ತ ನೆಲೆನಿಂತಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದೇನೂ ಅಲ್ಲ. ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಡದ ಮೇಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು 1891ರಲ್ಲಿ ಆಸಫಿಯಾ ಗ್ರಂಥಾಲಯವೆಂಬ ಹೆಸರಿನಿಂದ ಆರಂಭವಾಯಿತು. ತೆಲುಗು, ಉರ್ದು, ಮರಾಠಿ, ಕನ್ನಡಗಳೆಂಬ ನಾಲ್ಕು ಭಾಷೆಗಳ ಜನರು ಒಂದೇ ಆಳ್ವಿಕೆಯಡಿ ಬಾಳಿದ ಹಳೆಯ ಹೈದರಾಬಾದ್ ಸಂಸ್ಥಾನದ ಗುರುತಾಗಿ ಅಲ್ಲಿ ಕನ್ನಡ ಪುಸ್ತಕಗಳಿಗೂ ಸ್ಥಾನ ದೊರೆತಿದೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದವರ ಹಿರಿಯರು ಅದೇ ಸಂಸ್ಥಾನದ ಪ್ರಜೆಗಳಾಗಿದ್ದರು.

ಆ ಸಂಸ್ಥಾನದಲ್ಲಿ ಪುಸ್ತಕ ಭಂಡಾರಗಳು ಸುಲಭವಾಗಿ ಬೆಳೆಯಲಿಲ್ಲ. ಸಾರ್ವಜನಿಕ ಸಭೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ್ದ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯ ದಿನಗಳಲ್ಲಿ ಊರೂರಿನ ವಾಚನಾಲಯಗಳ ಮೇಲೂ ಸರ್ಕಾರದ ಸಂಶಯದ ದೃಷ್ಟಿ ಬಿದ್ದಿತ್ತು. ಜನರು ತಮ್ಮ ಭಾಷೆಯಲ್ಲಿ ಓದಲು ಕೂಡಿದರೆ ರಾಜಕೀಯ ಹುಟ್ಟುತ್ತದೆ ಎಂಬ ಭೀತಿ ಅದರ ಹಿಂದಿತ್ತು. ಭಾರತದೊಡನೆ ವಿಲೀನವಾದ ಬಳಿಕ, 1955ರಲ್ಲಿ, ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಜಾರಿಗೆ ಬಂದು ಓದುವ ಮನೆಗೆ ಕಾನೂನಿನ ನೆಲೆ ದೊರೆಯಿತು. ಅದರ ಸ್ಥಾನದಲ್ಲಿ 1960ರ ಆಂಧ್ರಪ್ರದೇಶದ ಕಾಯ್ದೆ ಬಂದಿತು. 2014ರಲ್ಲಿ ರಾಜ್ಯ ವಿಭಜನೆಯಾದ ಮೇಲೆ ತೆಲಂಗಾಣವೂ ಅದನ್ನೇ ಅಳವಡಿಸಿಕೊಂಡಿತು. ಕರ್ನಾಟಕದ ಕಾಯ್ದೆಯು 1965ರದ್ದು.

ಈ ಕಾಯ್ದೆಗಳು ಪ್ರಾಧಿಕಾರಗಳ ರಚನೆ, ಕರದ ವಸೂಲಿ, ಶಾಖೆಗಳ ಸ್ಥಾಪನೆ ಮುಂತಾದವುಗಳನ್ನು ವಿವರವಾಗಿ ಹೇಳುತ್ತವೆ. ಆದರೆ ಕಪಾಟಿನಲ್ಲಿರುವ ಪುಸ್ತಕವೊಂದಕ್ಕೆ ಓದುಗನು ಆಕ್ಷೇಪವೆತ್ತಿದರೆ ಅದನ್ನು ಯಾರು, ಎಷ್ಟು ದಿನಗಳೊಳಗೆ, ಯಾವ ಮಾನದಂಡದಿಂದ ಪರಿಶೀಲಿಸಬೇಕೆಂಬ ವಿಧಿಯನ್ನು ಅವು ಪ್ರತ್ಯೇಕವಾಗಿ ರೂಪಿಸಿಲ್ಲ. ನಮ್ಮ ಎಲ್ಲ ತೊಡಕುಗಳ ಮೂಲ ಇಲ್ಲಿದೆ.

ಕಾನೂನಿನ ದಾರಿ

ವಿಧಿಯಿಲ್ಲದ ಕಾರಣದಿಂದ ನಮ್ಮಲ್ಲಿ ಪುಸ್ತಕದ ಮೇಲಿನ ತಕರಾರು ಗ್ರಂಥಾಲಯದ ಮೇಜಿನ ಮೇಲೆ ತೀರ್ಮಾನವಾಗುವುದು ವಿರಳ. ಅದು ನೇರವಾಗಿ ಬೀದಿಗೋ ಪೊಲೀಸ್ ಠಾಣೆಗೋ ವಿಧಾನಸೌಧಕ್ಕೋ ಹೋಗುತ್ತದೆ. ಅಲ್ಲಿ ಸರ್ಕಾರದ ಕೈಯಲ್ಲಿರುವ ಮುಖ್ಯ ಸಾಧನವೆಂದರೆ ಮುಟ್ಟುಗೋಲು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಲ್ಲಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಿನಲ್ಲಿದೆ. ಕೋಮುದ್ವೇಷ ಪ್ರಚೋದನೆ, ಧಾರ್ಮಿಕ ಭಾವನೆಗಳಿಗೆ ದುರುದ್ದೇಶದಿಂದ ಘಾಸಿ, ಅಶ್ಲೀಲತೆ ಮೊದಲಾದ ನಿರ್ದಿಷ್ಟ ಅಪರಾಧಗಳಿಗೆ ಎಡೆಕೊಡುವ ಬರೆಹ ಪುಸ್ತಕದಲ್ಲಿದೆಯೆಂದು ರಾಜ್ಯ ಸರ್ಕಾರಕ್ಕೆ ತೋರಿದರೆ ಅಧಿಸೂಚನೆ ಹೊರಡಿಸಿ ಅದರ ಪ್ರತಿಯೊಂದು ಪ್ರತಿಯನ್ನೂ ಮುಟ್ಟುಗೋಲು ಹಾಕಬಹುದು. 'ಪ್ರತಿಯೊಂದು ಪ್ರತಿ' ಎಂಬಲ್ಲಿ ಗ್ರಂಥಾಲಯದ ಪ್ರತಿಯೂ ಸೇರುತ್ತದೆ. 2025ರ ಆಗಸ್ಟ್ ತಿಂಗಳಲ್ಲಿ ಜಮ್ಮು ಮತ್ತು ಕಾಶ್ಮೀರದ ಆಡಳಿತವು 25 ಪುಸ್ತಕಗಳನ್ನು ಒಮ್ಮೆಗೇ ಮುಟ್ಟುಗೋಲು ಹಾಕಿದ್ದು ಇದೇ ಕಲಮಿನಡಿ.

ಈ ಅಧಿಕಾರಕ್ಕೆ ಕಡಿವಾಣಗಳೂ ಇವೆ. ಸರ್ಕಾರವು ತನ್ನ ಅಭಿಪ್ರಾಯಕ್ಕೆ ಆಧಾರಗಳನ್ನು ಅಧಿಸೂಚನೆಯಲ್ಲೇ ಹೇಳಬೇಕು. ಪುಸ್ತಕದಲ್ಲಿ ಹಿತಾಸಕ್ತಿಯುಳ್ಳವರು 2 ತಿಂಗಳೊಳಗೆ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅದನ್ನು ಆಲಿಸುತ್ತದೆ. ಆಧಾರ ಹೇಳದ ಅಧಿಸೂಚನೆ ನಿಲ್ಲುವುದಿಲ್ಲ. ಪೆರಿಯಾರ್ ಅವರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದವನ್ನು ಉತ್ತರಪ್ರದೇಶ ಸರ್ಕಾರವು 1969ರಲ್ಲಿ ಮುಟ್ಟುಗೋಲು ಹಾಕಿದಾಗ ಅಲಹಾಬಾದ್ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಮ್ಮ ನಗರದ ಲೇಖಕ ಕಂಚ ಐಲಯ್ಯನವರ ಪುಸ್ತಕವೊಂದನ್ನು ನಿಷೇಧಿಸಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರಿನಲ್ಲಿ ತಳ್ಳಿಹಾಕಿದ್ದೂ ಇಲ್ಲಿ ಸ್ಮರಣೀಯ.

ಕನ್ನಡದ ಎರಡು ಪ್ರಕರಣಗಳು

ಕನ್ನಡ ನಾಡಿನಲ್ಲಿ ಅತ್ಯಂತ ದೂರ ಸಾಗಿದ ಎರಡು ಪ್ರಕರಣಗಳೂ ಬಸವಣ್ಣನವರಿಗೆ ಸಂಬಂಧಿಸಿದವು ಎಂಬುದು ಗಮನಾರ್ಹ. ಡಾ. ಪಿ. ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಚಿತ್ರಣದ ಬಗ್ಗೆ ತೀವ್ರ ವಿರೋಧ ಬಂದು, ಕರ್ನಾಟಕ ಸರ್ಕಾರವು ಕೃತಿಯನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2007ರ ಮೇ ತಿಂಗಳಲ್ಲಿ ನ್ಯಾಯಾಲಯವು ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು.

ಎರಡನೆಯದು ಮಾತೆ ಮಹಾದೇವಿಯವರ 'ವಚನ ದೀಪ್ತಿ'. ಬಸವಣ್ಣನವರ ವಚನಗಳಲ್ಲಿ 'ಕೂಡಲಸಂಗಮದೇವ' ಎಂಬ ಅಂಕಿತದ ಸ್ಥಾನದಲ್ಲಿ 'ಲಿಂಗದೇವ' ಎಂದು ಬಳಸಿದ್ದಕ್ಕಾಗಿ 1998ರಲ್ಲಿ ಅದೂ ಮುಟ್ಟುಗೋಲಿಗೆ ಒಳಗಾಯಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೂ ಸಮರ್ಥಿಸಿತು.

ಈ ತೀರ್ಪುಗಳ ಸರಿತಪ್ಪು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅವುಗಳನ್ನು ಪಾಲಿಸುವುದು ಗ್ರಂಥಪಾಲಕನಿಗೆ ಅನಿವಾರ್ಯ. ನಾವು ಕೇಳಬಯಸುವ ಪ್ರಶ್ನೆ ಬೇರೆ. ಅಂಕಿತವನ್ನು ಬದಲಿಸಿದ ಆವೃತ್ತಿ ದಾರಿತಪ್ಪಿಸುತ್ತದೆ ಎಂಬ ದೂರು ಮೊದಲು ಗ್ರಂಥಾಲಯಕ್ಕೇ ಬಂದಿದ್ದರೆ, ಅದಕ್ಕೆ ಗ್ರಂಥಾಲಯದ ಬಳಿ ತನ್ನದೇ ಆದ ಉತ್ತರವಿತ್ತು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದ 'ಸಮಗ್ರ ವಚನ ಸಂಪುಟ'ವನ್ನು ಪಕ್ಕದಲ್ಲಿರಿಸಿದರೆ ಓದುಗನು ಎರಡೂ ಪಾಠಗಳನ್ನು ಹೋಲಿಸಿ ನೋಡಬಲ್ಲನು. ಆಕ್ಷೇಪಿತ ಗ್ರಂಥವನ್ನು ತೆಗೆಯುವ ಬದಲು ಅದಕ್ಕೆ ಉತ್ತರ ಕೊಡಬಲ್ಲ ಗ್ರಂಥವನ್ನು ಸೇರಿಸುವುದು ಗ್ರಂಥಾಲಯಕ್ಕೆ ಮಾತ್ರ ಸಾಧ್ಯವಾಗುವ ಪರಿಹಾರ. ಪೊಲೀಸರಿಗೂ ನ್ಯಾಯಾಲಯಕ್ಕೂ ಈ ದಾರಿ ಇಲ್ಲ.

ಬೀದಿಯ ತೀರ್ಪು

ತಕರಾರು ಕಾನೂನನ್ನೂ ಮೀರಿ ಬೀದಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯೇ ಸಾಕ್ಷಿ. 1917ರಲ್ಲಿ ಸ್ಥಾಪನೆಗೊಂಡ, ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಲೋಕಕ್ಕೆ ನೀಡಿದ ಸಂಸ್ಥೆಯದು. ಜೇಮ್ಸ್ ಲೇನ್ ಎಂಬ ಅಮೆರಿಕದ ವಿದ್ವಾಂಸರು ಶಿವಾಜಿಯ ಕುರಿತು ಬರೆದ ಪುಸ್ತಕದಲ್ಲಿ ಆ ಸಂಸ್ಥೆಗೆ ಕೃತಜ್ಞತೆ ಸಲ್ಲಿಸಿದ್ದರೆಂಬ ಕಾರಣಕ್ಕೆ 2004ರ ಜನವರಿ 5ರಂದು ಗುಂಪೊಂದು ಒಳನುಗ್ಗಿ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಹಾಳುಗೆಡವಿತು. ಪ್ರಕಾಶಕರು ಪುಸ್ತಕವನ್ನು ಅದಕ್ಕೆ ಮುಂಚೆಯೇ ಹಿಂತೆಗೆದುಕೊಂಡಿದ್ದರು. ಮಹಾರಾಷ್ಟ್ರ ಸರ್ಕಾರವು ಅದೇ ತಿಂಗಳು ಪುಸ್ತಕವನ್ನು ನಿಷೇಧಿಸಿತು. 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನಿಷೇಧವನ್ನು ರದ್ದುಪಡಿಸಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಪುಸ್ತಕ ಉಳಿಯಿತು, ಹಾಳಾದ ಹಸ್ತಪ್ರತಿಯ ಹಾಳೆಗಳನ್ನು ಯಾವ ತೀರ್ಪೂ ಮರಳಿ ತರಲಾರದು.

ಹೊರದೇಶದ ಪದ್ಧತಿ

ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದು ಅಲ್ಲಿನ ಊರ ಗ್ರಂಥಾಲಯಗಳನ್ನು ಕೊಂಡಾಡುವುದುಂಟು. ಅಲ್ಲಿನ ಗ್ರಂಥಾಲಯ ಸಂಘವು 1939ರಲ್ಲಿ ಗ್ರಂಥಾಲಯಗಳ ಹಕ್ಕುಗಳ ಘೋಷಣೆಯೊಂದನ್ನು ಅಂಗೀಕರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಆಡಳಿತ ಮಂಡಳಿಯು ಜಾನ್ ಸ್ಟೈನ್‌ಬೆಕ್ ಅವರ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ತನ್ನ ಗ್ರಂಥಾಲಯಗಳಿಂದ ತೆಗೆಸಿತು. ಅಲ್ಲಿನ ಗ್ರಂಥಪಾಲಕಿ ಗ್ರೆಚನ್ ನೀಫ್ ಅದನ್ನು ಲಿಖಿತವಾಗಿ ವಿರೋಧಿಸಿದರು. 1941ರಲ್ಲಿ ಆ ನಿಷೇಧ ತೆರವಾಯಿತು.

ಕ್ರಮೇಣ ಅಲ್ಲಿ ಒಂದು ಲಿಖಿತ ಪದ್ಧತಿ ರೂಢಿಗೆ ಬಂದಿತು. ಆಕ್ಷೇಪಿಸುವವರು ಒಂದು ನಮೂನೆಯನ್ನು ತುಂಬಬೇಕು. ಪುಸ್ತಕವನ್ನು ಪೂರ್ತಿಯಾಗಿ ಓದಿದ್ದೀರಾ, ಯಾವ ಭಾಗದ ಬಗ್ಗೆ ಆಕ್ಷೇಪ, ಗ್ರಂಥಾಲಯವು ಏನು ಮಾಡಬೇಕೆಂದು ಬಯಸುತ್ತೀರಿ ಎಂಬಂತಹ ಪ್ರಶ್ನೆಗಳು ಅದರಲ್ಲಿರುತ್ತವೆ. ಬಳಿಕ ಸಮಿತಿಯೊಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಪರಿಶೀಲನೆ ಮುಗಿಯುವವರೆಗೆ ಪುಸ್ತಕವು ಕಪಾಟಿನಲ್ಲೇ ಇರುತ್ತದೆ. ತೀರ್ಮಾನವನ್ನು ಕಾರಣಸಹಿತ ಬರೆದು ತಿಳಿಸಲಾಗುತ್ತದೆ; ಒಪ್ಪದವರು ಆಡಳಿತ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಅಲ್ಲಿಯೂ ಎಲ್ಲವೂ ಸುಗಮವೆಂದು ಭಾವಿಸಬೇಕಾಗಿಲ್ಲ. ಟೆಕ್ಸಾಸಿನ ಲ್ಯಾನೋ ಕೌಂಟಿಯ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕ ತೆಗೆದದ್ದನ್ನು ಓದುಗರು ಸಂವಿಧಾನದ ಹೆಸರಿನಲ್ಲಿ ಪ್ರಶ್ನಿಸಲಾಗದೆಂದು ತೀರ್ಪಿತ್ತಿತು. ಪದ್ಧತಿಯನ್ನು ಕಾಯುವ ಜನ ಇಲ್ಲವಾದರೆ ನಮೂನೆಯ ಕಾಗದ ತಾನಾಗಿ ಏನನ್ನೂ ಕಾಯದು.

ಸದ್ದಿಲ್ಲದ ತೆಗೆತ

ನಿಷೇಧ, ದಾಳಿ, ಮೊಕದ್ದಮೆಗಳು ಪತ್ರಿಕೆಯಲ್ಲಿ ಸುದ್ದಿಯಾಗುತ್ತವೆ. ಸುದ್ದಿಯಾಗದ ಇನ್ನೊಂದು ಬಗೆಯಿದೆ. ಗ್ರಂಥಾಲಯಗಳು ಜೀರ್ಣವಾದ, ಯಾರೂ ಎರವಲು ಪಡೆಯದ ಪುಸ್ತಕಗಳನ್ನು ಕಾಲಕಾಲಕ್ಕೆ ಪಟ್ಟಿಯಿಂದ ಕೈಬಿಡುವುದು ಅವಶ್ಯಕವಾದ, ನ್ಯಾಯವಾದ ಕೆಲಸವೇ. ಆದರೆ ಲಿಖಿತ ಪದ್ಧತಿ ಇಲ್ಲದ ಕಡೆ, ಪ್ರಭಾವಿಯೊಬ್ಬರ ಮಾತಿಗೆ ಅಂಜಿ ಒಂದು ಪುಸ್ತಕವನ್ನು ಅದೇ ಜೀರ್ಣ ಪುಸ್ತಕಗಳ ರಾಶಿಗೆ ಸೇರಿಸಿಬಿಡುವುದು ಬಹಳ ಸುಲಭ. ಅದಕ್ಕೆ ಅಧಿಸೂಚನೆ ಬೇಡ, ಆಧಾರ ಬೇಡ, ಮೇಲ್ಮನವಿಗೂ ಎಡೆಯಿಲ್ಲ.

ಹೈದರಾಬಾದಿನಂತಹ ಊರಿನಲ್ಲಿ ಕನ್ನಡ ಕಪಾಟಿಗೆ ಈ ಅಪಾಯ ಹೆಚ್ಚು. ಬೆಂಗಳೂರಿನಲ್ಲಿ ಒಂದು ಶಾಖೆಯಲ್ಲಿ ಇಲ್ಲದ ಕನ್ನಡ ಪುಸ್ತಕವು ಮತ್ತೊಂದರಲ್ಲಿ ಸಿಕ್ಕೀತು. ಇಲ್ಲಿ ಒಮ್ಮೆ ಹೋದದ್ದು ಹೋದಂತೆಯೇ. ಅದು ಮರುಮುದ್ರಣ ಕಾಣದ ಕೃತಿಯಾಗಿದ್ದರೆ ನಮ್ಮ ಮುಂದಿನ ಪೀಳಿಗೆಗೆ ಅಂಥದೊಂದು ಪುಸ್ತಕ ಇತ್ತೆಂಬುದೇ ತಿಳಿಯದು.

ನಮ್ಮ ಕೈಲಾಗುವುದು

ಆಧುನಿಕ ಗ್ರಂಥಾಲಯ ಶಾಸ್ತ್ರದ ಭಾರತೀಯ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಮುಂದಿಟ್ಟರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಅವುಗಳಲ್ಲಿ ಎರಡರ ತಾತ್ಪರ್ಯ. ಆಕ್ಷೇಪ ಬಂದಾಗ ಗ್ರಂಥಪಾಲಕನು ಅಳೆಯಬೇಕಾದ ಕೋಲು ಇದೇ: ಈ ಪುಸ್ತಕ ಬೇಡವೆನ್ನುವವರ ಎದುರಿಗೆ, ಇದನ್ನೇ ಅರಸಿಕೊಂಡು ನಾಳೆ ಬರಬಹುದಾದ ಓದುಗನನ್ನೂ ಅವನು ನೆನೆಯಬೇಕು.

ನಗರದ ಕನ್ನಡ ಸಂಘಗಳು ನಡೆಸುವ ಪುಟ್ಟ ಪುಸ್ತಕ ಭಂಡಾರಗಳಲ್ಲಾದರೂ ನಾವು ಒಂದು ಪುಟದ ನಿಯಮಾವಳಿಯನ್ನು ರೂಪಿಸಿಕೊಳ್ಳಬಹುದು. ಆಕ್ಷೇಪವು ಲಿಖಿತವಾಗಿರಲಿ, ಅದರ ಕೆಳಗೆ ಹೆಸರು ಇರಲಿ. ಬೇರೆ ಬೇರೆ ಹಿನ್ನೆಲೆಯ ಮೂವರು ಪುಸ್ತಕವನ್ನು ಪೂರ್ತಿಯಾಗಿ ಓದಲಿ. ಅಲ್ಲಿಯವರೆಗೆ ಪುಸ್ತಕವು ಸ್ವಸ್ಥಾನದಲ್ಲಿರಲಿ. ಮಕ್ಕಳ ವಯಸ್ಸಿಗೆ ಹೊಂದದೆಂದು ಕಂಡರೆ ಅದನ್ನು ದೊಡ್ಡವರ ಕಪಾಟಿಗೆ ಸ್ಥಳಾಂತರಿಸುವುದು ಸಾಕು. ತನ್ನ ಮಗು ಏನನ್ನು ಓದಬೇಕೆಂದು ತೀರ್ಮಾನಿಸುವ ಅಧಿಕಾರ ತಂದೆತಾಯಿಗೆ ಇದೆ, ನೆರೆಮನೆಯ ಮಗುವಿನ ವಿಷಯದಲ್ಲಿ ಇಲ್ಲ. ತೀರ್ಮಾನವನ್ನು ಕಾರಣಗಳೊಡನೆ ದಾಖಲೆ ಪುಸ್ತಕದಲ್ಲಿ ಬರೆದಿಡಲಿ. ಕೈಬಿಡುವ ಪ್ರತಿಯೊಂದು ಪುಸ್ತಕದ ಹೆಸರೂ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಬರಲಿ.

ನಮ್ಮ ನಡುವೆ ವೈದಿಕರೂ ವೀರಶೈವ ಲಿಂಗಾಯತರೂ ಜೈನರೂ ಮುಸಲ್ಮಾನರೂ ಕ್ರೈಸ್ತರೂ ಯಾವ ಮತಕ್ಕೂ ಸೇರದವರೂ ಇದ್ದಾರೆ. ಪ್ರತಿ ಮನೆಗೂ ಒಂದೊಂದು ಪುಸ್ತಕವನ್ನು ತೆಗೆಸುವ ಹಕ್ಕು ಕೊಟ್ಟರೆ ಪರವೂರಿನಲ್ಲಿ ಕಷ್ಟಪಟ್ಟು ಕೂಡಿಸಿದ ಕನ್ನಡದ ಕಪಾಟು ಕೆಲವೇ ವರ್ಷಗಳಲ್ಲಿ ಖಾಲಿಯಾದೀತು. ಪ್ರತಿ ಮನೆಗೂ ಒಂದೊಂದು ಪುಸ್ತಕವನ್ನು ಸೇರಿಸುವ ಹೊಣೆ ಕೊಟ್ಟರೆ ಅದೇ ಕಪಾಟು ತುಂಬಿ ಬಂದೀತು. ಓದುಗ ಬಂಧುಗಳು ಬಿಡುವಿನ ದಿನವೊಂದರಲ್ಲಿ ಮಕ್ಕಳೊಡನೆ ಅಫ್ಜಲ್‌ಗಂಜಿಗೆ ಹೋಗಿ ಅಲ್ಲಿನ ಕನ್ನಡ ಪುಸ್ತಕಗಳನ್ನು ಕೇಳಿ ಪಡೆಯಬೇಕೆಂದು ವಿನಂತಿಸುತ್ತೇವೆ. ಕೇಳುವವರಿರುವ ಪುಸ್ತಕವನ್ನು ಸದ್ದಿಲ್ಲದೆ ತೆಗೆಯಲು ಯಾರಿಗೂ ಸುಲಭವಾಗಿ ಕೈ ಬಾರದು.