ನೀರು ಮರಳಿ ಬರುತ್ತದೆ, ಆದರೆ ಯಾವಾಗ?

ಐಸ್ ಕರಗಿದರೆ ನೀರು, ನೀರು ಕಾದರೆ ಆವಿ. ತಣ್ಣನೆಯ ಲೋಟದ ಹೊರಗೆ ಮೂಡುವ ಹನಿಗಳು ಗಾಳಿಯಲ್ಲಿದ್ದ ಆವಿಯೇ. ಇಷ್ಟನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಡುಗೆಮನೆಯಲ್ಲೇ ತೋರಿಸಬಹುದು. ಸಂಜೆ ನನ್ನ ಬಳಿ ಪಾಠಕ್ಕೆ ಬರುವ ನಾಲ್ಕನೇ ತರಗತಿಯ ಹುಡುಗಿ ಜಲಚಕ್ರದ ಚಿತ್ರ ನೋಡಿ ಕೇಳಿದಳು: ‘ಅಕ್ಕಾ, ಹೋದ ನೀರು ಮಳೆಯಾಗಿ ವಾಪಸ್ ಬರುತ್ತಲ್ಲ, ಮತ್ತೆ ಯಾಕೆ ಉಳಿಸಬೇಕು?’

ಬಿ.ಇ. ಓದುವ ನಾವೂ ಯೋಚಿಸಬೇಕಾದ ಪ್ರಶ್ನೆಯಿದು. ಚಿತ್ರದಲ್ಲಿ ಬಾಣಗಳಿವೆ, ಕಾಲದ ಲೆಕ್ಕವಿಲ್ಲ. ಗಾಳಿಗೇರಿದ ಆವಿ ಸರಾಸರಿ 8–10 ದಿನಗಳಲ್ಲಿ ಮಳೆಯಾಗಿ ಇಳಿಯುತ್ತದೆ. ಇಳಿಯುವ ಜಾಗವೂ ಬೇರೆ. ಅರಬ್ಬಿ ಸಮುದ್ರದಿಂದ ಎದ್ದ ಆವಿ ಕೊಡಗಿನಲ್ಲಿ ಮಳೆಯಾಗಿ ಸುರಿದು, ಕಾವೇರಿಯಾಗಿ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನದಂತೂ ನಿಧಾನದ ಪಯಣ. ಸಾವಿರ ಅಡಿ ಕೊಳವೆಬಾವಿಯಿಂದ ಒಂದು ಬೇಸಿಗೆಯಲ್ಲಿ ಎತ್ತಿದ್ದು ಮತ್ತೆ ಅಲ್ಲಿಗೆ ಇಳಿಯಲು ನೂರಾರು ವರ್ಷ ಬೇಕಾಗಬಹುದು. 2024ರಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದನ್ನು ಕಂಡಿದ್ದೇವೆ.

ತಮ್ಮ, ತಂಗಿ, ಪಕ್ಕದ ಮನೆಯ ಮಕ್ಕಳಿಗೆ ಜಲಚಕ್ರ ಹೇಳಿಕೊಡುವಾಗ ಪ್ರತಿ ಬಾಣದ ಪಕ್ಕ ‘ಎಷ್ಟು ದಿನ?’ ಎಂದೂ ಬರೆಸೋಣ. ಭೂಮಿಯ ಒಟ್ಟು ನೀರು ಕಡಿಮೆಯಾಗದು. ನಮ್ಮ ಮನೆಯ ಕೊಡಕ್ಕೆ ಸಿಗುವ ನೀರು ಕಡಿಮೆಯಾಗುತ್ತದೆ.