ಹಂದಿಗೋಡಿನ ಸೊಂಟನೋವು: ಹೆಸರು ಸಿಕ್ಕ ಮೇಲೆ ಏನಾಯಿತು?

ಮಲೆನಾಡಿಗೆ ಸೊಂಟನೋವು, ಮಂಡಿನೋವು ಹೊಸದಲ್ಲ. ಮಳೆಗಾಲವಿಡೀ ಕೆಸರುಗದ್ದೆಯಲ್ಲಿ ಬಾಗಿ ದುಡಿದವರಿಗೆ ಐವತ್ತು ದಾಟಿದ ಮೇಲೆ ಕೀಲು ಹಿಡಿಯುವುದು ಇದ್ದದ್ದೇ. ಆದರೆ 1974–75ರ ಹೊತ್ತಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ವೈದ್ಯರ ಗಮನ ಸೆಳೆದವರಲ್ಲಿ ಮಕ್ಕಳಿದ್ದರು, ಮದುವೆಯ ವಯಸ್ಸಿನ ಹುಡುಗ ಹುಡುಗಿಯರಿದ್ದರು. ಸೊಂಟದಲ್ಲಿ ಶುರುವಾದ ನೋವು ಮಂಡಿಗೆ ಇಳಿಯುತ್ತಿತ್ತು. ನಡಿಗೆ ಅತ್ತಿತ್ತ ವಾಲುತ್ತಿತ್ತು. ಕುಕ್ಕರಗಾಲಲ್ಲಿ ಕೂರಲಾಗುತ್ತಿರಲಿಲ್ಲ, ಆಮೇಲಾಮೇಲೆ ಕೋಲಿಲ್ಲದೆ ಅಂಗಳವನ್ನೂ ದಾಟಲಾಗುತ್ತಿರಲಿಲ್ಲ. ಕೆಲವರಂತೂ ಎತ್ತರವೇ ಬೆಳೆಯಲಿಲ್ಲ. ಇವರೆಲ್ಲ ಛಲವಾದಿ ಮತ್ತು ಚನ್ನಂಗಿ ಎಂಬ ಎರಡು ದಲಿತ ಸಮುದಾಯಗಳವರು. ಹೆಚ್ಚಿನವರು ಸ್ವಂತ ನೆಲವಿಲ್ಲದ ಕೂಲಿಕಾರರು. ಅದೇ ಮಳೆಗೆ ನೆನೆದ, ಅದೇ ಮಣ್ಣಿನ ಅಕ್ಕಿ ಉಂಡ ಉಳಿದ ಮನೆಗಳಲ್ಲಿ ಈ ಕಾಯಿಲೆ ಇರಲಿಲ್ಲ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ರೋಗಿಗಳು ಕಂಡುಬಂದರು. ಹೆಸರು ಮಾತ್ರ ಹಂದಿಗೋಡಿನದೇ ಉಳಿಯಿತು.

ಕಾರಣ ಹುಡುಕಲು ಬಂದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಲ್ಲಿನ ಕೃಷ್ಣಮಾಚಾರಿ ಮತ್ತು ಭಟ್ ಅವರು 1978ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದು ಪ್ರಬಂಧ ಪ್ರಕಟಿಸಿದರು. ಇದೇ ಕೃಷ್ಣಮಾಚಾರಿಯವರು 1973ರಲ್ಲಿ, ಫ್ಲೋರೈಡ್ ನೀರಿನ ಸೀಮೆಯಲ್ಲಿ ಮಂಡಿ ಒಳಕ್ಕೆ ಬಾಗುವ ಕಾಯಿಲೆಯ ಬಗ್ಗೆ ಸಹೋದ್ಯೋಗಿಯೊಬ್ಬರ ಜೊತೆ ಬರೆದಿದ್ದರು. ಹಾಗಾಗಿ ಅವರ ಕಣ್ಣು ಮೊದಲು ಉಣ್ಣುವ ತಟ್ಟೆಯ ಕಡೆ ಹೋದದ್ದು ಸಹಜ. ಸೈಬೀರಿಯಾ ಮತ್ತು ಚೀನಾದಲ್ಲಿ ಮಕ್ಕಳ ಕೀಲುಗಳನ್ನು ವಿಕಾರಗೊಳಿಸುವ ಕಾಶಿನ್–ಬೆಕ್ ಕಾಯಿಲೆಗೂ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆಯಿರುವುದಕ್ಕೂ ನಂಟಿದೆ. ಊರಿನ ನೀರು, ಧಾನ್ಯ, ಮಣ್ಣು ಸೇರಿ ಮೂಳೆ ಕೆಡಿಸುವುದು ವೈದ್ಯಲೋಕಕ್ಕೆ ಗೊತ್ತಿದ್ದ ಸಂಗತಿಯೇ.

ಗದ್ದೆಗಳಿಗೆ ಆಗಷ್ಟೇ ಕೀಟನಾಶಕ ಕಾಲಿಟ್ಟಿತ್ತು. ಗದ್ದೆಯ ಏಡಿ ಹಿಡಿದು ತಿನ್ನುವುದು ಈ ಕೂಲಿಕಾರ ಮನೆಗಳ ರೂಢಿ. ವಿಷ ಏಡಿಗೆ ಇಳಿದು, ಏಡಿಯಿಂದ ಮನುಷ್ಯರಿಗೆ ಬಂತು ಎಂಬ ವಾದ ಹುಟ್ಟಿಕೊಂಡಿತು. ಇವತ್ತಿಗೂ ಹಂದಿಗೋಡಿನ ಮಾತು ಬಂದರೆ ಮೊದಲು ಏಡಿಯ ಕಥೆಯೇ ಬರುತ್ತದೆ. ಇದು ನನಗೆ ನೋವಿನ ಸಂಗತಿ. ಬಡವರ ಮನೆಯಲ್ಲಿ ಕಾಯಿಲೆ ಬಂದರೆ ಅವರು ತಿಂದದ್ದರ ಮೇಲೇ ಬೆರಳು ತೋರಿಸುವುದು ನಮಗೆ ಎಷ್ಟು ಸುಲಭ!

ಉತ್ತರ ಬಂದದ್ದು ಎಕ್ಸ್-ರೇ ಹಾಳೆಗಳಿಂದ ಮತ್ತು ವಂಶಾವಳಿಯಿಂದ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್. ಎಸ್. ಅಗರ್ವಾಲ್, ಶುಭಾ ಫಡ್ಕೆ ಮತ್ತಿತರರು 1994ರಲ್ಲಿ ಇದನ್ನು ಮೂಳೆಯ ಬೆಳವಣಿಗೆಯ ಹೊಸ ಬಗೆಯ ದೋಷವೆಂದು ದಾಖಲಿಸಿದರು. ಕೆಲವರಲ್ಲಿ ಸೊಂಟದ ಕೀಲಿನ ಸವೆತವೇ ಮುಖ್ಯ. ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿ ಮುಂಡ ಗಿಡ್ಡ. ಇನ್ನು ಕೆಲವರಲ್ಲಿ ಎದ್ದು ಕಾಣುವ ಕುಳ್ಳತನ. ಮೂರೂ ಒಂದೇ ದೋಷದ ಏರಿಳಿತಗಳು.

ಸೊಂಟದ ಕೀಲು ಒರಳಿನೊಳಗೆ ತಿರುಗುವ ಗುಂಡುಕಲ್ಲಿನಂತೆ. ತೊಡೆಮೂಳೆಯ ತಲೆ ನುಣ್ಣಗೆ ದುಂಡಗಿದ್ದು, ಅದು ಕೂರುವ ಗುಳಿ ಸರಿಯಾದ ಆಳದಲ್ಲಿದ್ದರಷ್ಟೇ ಭಾರ ಸಮನಾಗಿ ಹಂಚಿಹೋಗುತ್ತದೆ. ಬರ್ಲಿನ್ನಿನ ಸಂಶೋಧಕರು ಅಳತೆಯ ಉಪಕರಣ ಅಡಗಿಸಿದ ಕೃತಕ ಕೀಲುಗಳಿಂದ ಲೆಕ್ಕ ಹಾಕಿದಂತೆ, ಸುಮ್ಮನೆ ನಡೆಯುವಾಗಲೇ ಈ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಹಂದಿಗೋಡು ಕಾಯಿಲೆಯಲ್ಲಿ ಆ ತಲೆ ಬೆಳೆಯುವ ವಯಸ್ಸಿನಲ್ಲೇ ಚಪ್ಪಟೆಯಾಗಿಬಿಡುತ್ತದೆ. ಮೇಲಿನ ಮೃದ್ವಸ್ಥಿಯ ಪದರಕ್ಕೆ ರಕ್ತನಾಳಗಳಿಲ್ಲ. ಒಮ್ಮೆ ಹರಿದರೆ ಅದು ಮೊದಲಿನಂತೆ ಕೂಡಿಕೊಳ್ಳದು. ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಗುರುತಿಸಿದ್ದರು. ಇತರರಿಗೆ ಅರುವತ್ತರಲ್ಲಿ ಬರುವ ಸವೆತ ಇವರಿಗೆ ಇಪ್ಪತ್ತರಲ್ಲೇ ಬರುವುದಕ್ಕೆ ಮೂಳೆಯ ತಲೆ ಹೀಗೆ ಚಪ್ಪಟೆಯಾಗುವುದೇ ಕಾರಣ. ಅದರ ಮೇಲೆ ತಲೆಹೊರೆ, ನಾಟಿ, ಕೊಯ್ಲು.

ವಂಶಾವಳಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಅಳಿಸಬೇಕಿತ್ತು. ಒಳಸಂಬಂಧದ ಮದುವೆಯೇ ಇದಕ್ಕೆ ಮೂಲ ಎನ್ನುವವರು ಬಹಳ. ಆದರೆ ಇದು ಪ್ರಬಲ ವಂಶವಾಹಿಯ ಕಾಯಿಲೆ. ತಂದೆ ಅಥವಾ ತಾಯಿ, ಒಬ್ಬರಲ್ಲಿ ಅದರ ಒಂದು ಪ್ರತಿ ಇದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನ ಮಗಳನ್ನು ಬಿಟ್ಟು ದೂರದ ಊರಿನ ಹೆಣ್ಣು ತಂದರೂ ಆ ಲೆಕ್ಕ ಬದಲಾಗದು. ಇಬ್ಬರಲ್ಲೂ ಇದ್ದರೆ ಮಾತ್ರ ಸಾಧ್ಯತೆ ನಾಲ್ಕರಲ್ಲಿ ಮೂರಕ್ಕೆ ಏರುತ್ತದೆ. ಈ ದೋಷ ಎರಡು ಸಮುದಾಯಗಳೊಳಗೇ ಉಳಿದದ್ದು ಏಕೆಂದರೆ ಅವುಗಳ ಸುತ್ತ ಮದುವೆಯ ಬೇಲಿ ಹಾಕಿದ್ದು ಜಾತಿ. ಆ ಬೇಲಿ ಹಾಕಿದವರು ಅವರಲ್ಲ. ಸೋಂಕಲ್ಲದ, ಮುಟ್ಟಿದರೆ ಅಂಟದ ಈ ಕಾಯಿಲೆಗಾಗಿ ಆ ಮನೆಯ ಮಕ್ಕಳನ್ನು ದೂರವಿಡುವುದಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ.

ಇಂಥದೇ ಇನ್ನೊಂದು ಊರಿದೆ. ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನ ಉತ್ತರದಲ್ಲಿ ಮ್ಸೆಲೇನಿ. ಅಲ್ಲಿನ ವಿಚಿತ್ರ ಸೊಂಟದ ಕಾಯಿಲೆ 1970ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಎರಡೂ ಒಂದೇ ಕಾಯಿಲೆಯೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ಅಗರ್ವಾಲ್, ಫಡ್ಕೆ ಅವರ ಜೊತೆ ದಕ್ಷಿಣ ಆಫ್ರಿಕಾದ ಫ್ರೆಡ್ಲಂಡ್, ವಿಲ್ಯೂನ್ ಮತ್ತು ಪೀಟರ್ ಬೈಟನ್ 1997ರಲ್ಲಿ ಒಟ್ಟಿಗೆ ಬರೆದರು. ಮಲೆನಾಡಿನ ಕೂಲಿಕಾರರ ಸೊಂಟ ಹೀಗೆ ಜಗತ್ತಿನ ವೈದ್ಯಕೀಯ ಪುಟಗಳಿಗೆ ಹೋಯಿತು.

ಆದರೆ ಕಾರಣ ತಿಳಿದದ್ದರಿಂದ ನೋವು ಕಡಿಮೆಯಾಗಲಿಲ್ಲ. ವಂಶಪಾರಂಪರ್ಯ ಎಂದ ಕೂಡಲೇ ಮಾಡುವುದಕ್ಕೇನೂ ಇಲ್ಲ ಎಂದುಕೊಳ್ಳುವ ಅಭ್ಯಾಸ ನಮ್ಮದು. ಅದನ್ನು ನಾನು ಒಪ್ಪುವುದಿಲ್ಲ. ವಂಶವಾಹಿಯನ್ನು ತಿದ್ದಲಾಗದಿದ್ದರೂ ಕೀಲನ್ನು ಕಾಯಬಹುದು. ಸೊಂಟದ ಸುತ್ತಲಿನ ಮತ್ತು ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ ಸವೆದ ಕೀಲಿನ ನೋವನ್ನು ಇಳಿಸುತ್ತದೆ ಎಂಬುದಕ್ಕೆ ಸಂಧಿವಾತದ ಅಧ್ಯಯನಗಳಲ್ಲಿ ಬೇಕಾದಷ್ಟು ಆಧಾರವಿದೆ. ದಿನವಿಡೀ ದುಡಿಯುವವರಿಗೆ ವ್ಯಾಯಾಮ ಯಾಕೆ ಎಂದು ಕೇಳುವವರುಂಟು. ಬಾಗಿ ಹೊರೆ ಎತ್ತುವುದು ಸೋತ ಕೀಲಿನ ಮೇಲೆ ಭಾರ ಹೇರುತ್ತದೆ. ಫಿಸಿಯೋಥೆರಪಿಯ ವ್ಯಾಯಾಮ ಆ ಭಾರವನ್ನು ಸ್ನಾಯುವಿಗೆ ವರ್ಗಾಯಿಸುತ್ತದೆ. ಎರಡೂ ಒಂದೇ ಅಲ್ಲ.

ಕೀಲು ಪೂರ್ತಿ ಕೆಟ್ಟವರಿಗೆ ಕೃತಕ ಕೀಲು ಜೋಡಿಸುವ ದಾರಿಯಿದೆ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಗಟ್ಟಿಗೊಳಿಸಿದ ಶಸ್ತ್ರಚಿಕಿತ್ಸೆಯದು. 2019ರ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಅಂಥ ಕೀಲುಗಳಲ್ಲಿ ಸುಮಾರು ಶೇಕಡಾ 58ರಷ್ಟು 25 ವರ್ಷ ಬಾಳುತ್ತವೆ. ಎಪ್ಪತ್ತರವರಿಗೆ ಇದು ಬಹಳವಾಯಿತು. ಇಪ್ಪತ್ತೈದರ ಯುವತಿಗೆ ಮಾತ್ರ ಮುಂದೊಂದು ದಿನ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಪರೇಷನ್ ಆದ ಮೇಲೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಾರದೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಿದ್ದರೆ ಕುರ್ಚಿಯಂಥ ಕಮೋಡು ಬೇಕು, ಜಾರದ ಮೆಟ್ಟಿಲು ಬೇಕು, ಗದ್ದೆಯ ಹೊರಗಿನ ಕೆಲಸ ಬೇಕು. ಕೀಲು ಬದಲಿಸಿ ಅದೇ ಕೆಸರಿಗೆ ಕಳಿಸಿದರೆ ಅರ್ಧ ಚಿಕಿತ್ಸೆ ಮಾಡಿದಂತೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕುಳ್ಳತನವನ್ನೂ ಅಂಗವೈಕಲ್ಯವೆಂದು ಒಪ್ಪಿಕೊಂಡಿದೆ. ಕಾಯ್ದೆಯ ಹಲವು ಸವಲತ್ತಿಗೆ ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಎತ್ತರ ಸರಿಯಿದ್ದು ಸೊಂಟವಷ್ಟೇ ಸವೆದ ಯುವಕ ಶುರುವಿನ ವರ್ಷಗಳಲ್ಲಿ ಆ ಅಂಕಿಗೆ ಸಿಗದೆ ಉಳಿಯಬಹುದು. ಅವನು ದುಡಿಯಬೇಕಾದ ವರ್ಷಗಳೂ ಅವೇ. ನಡೆಯಲಾಗದವರನ್ನು ಪ್ರಮಾಣಪತ್ರಕ್ಕಾಗಿ ದೂರದ ಆಸ್ಪತ್ರೆಗೆ ಅಲೆಸುವ ಬದಲು, ವೈದ್ಯಕೀಯ ಮಂಡಳಿಯೇ ವರ್ಷಕ್ಕೊಮ್ಮೆ ಈ ಕೇರಿಗಳಿಗೆ ಬರಲಿ: ಮೂಳೆ ತಜ್ಞರು, ಫಿಸಿಯೋಥೆರಪಿಸ್ಟ್, ಎಕ್ಸ್-ರೇ ಯಂತ್ರದ ವಾಹನ ಎಲ್ಲ ಜೊತೆಗಿರಲಿ. ನೋವು ಶುರುವಾಗುವ ಮೊದಲೇ ಶಾಲೆಯ ಮಕ್ಕಳ ಸೊಂಟವನ್ನೂ ಅವರು ನೋಡಲಿ.