ಶಾಲೆಗೂ ಬಂತು ಪ್ರಗತಿಪತ್ರ

ಮಗು ತಂದ ಪ್ರಗತಿಪತ್ರವನ್ನು ಕಂಡು ತಂದೆಯು ಹುಬ್ಬು ಗಂಟಿಕ್ಕುವುದೂ, ತಾಯಿಯು ಮಗುವಿನ ಪರವಾಗಿ ಒಂದೆರಡು ಮಾತನಾಡುವುದೂ, ಕೊನೆಗೆ ಇಬ್ಬರಲ್ಲೊಬ್ಬರು ರುಜು ಹಾಕುವುದೂ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲೆಲ್ಲ ನಡೆದುಬಂದ ವಾಡಿಕೆ. ಆದರೆ ಶಾಲೆಯೇ ತನ್ನ ಪ್ರಗತಿಪತ್ರವನ್ನು ಹಿಡಿದುಕೊಂಡು ತಂದೆತಾಯಿಗಳ ಮುಂದೆ ನಿಲ್ಲಬೇಕಾಗಿ ಬಂದರೆ? ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಇದು ಕಾನೂನಿನ ಕಟ್ಟಳೆ.

ಆ ದೇಶದಲ್ಲಿ ಸರಕಾರಿ ಶಾಲೆಗಳ ಆಡಳಿತ ‘ಶಾಲಾ ಜಿಲ್ಲೆ’ಗಳ ಕೈಯಲ್ಲಿದೆ. ಕರ್ನಾಟಕದವರು ಬಲ್ಲ ಕಂದಾಯದ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಒಂದೆರಡು ಶಾಲೆಗಳಷ್ಟೇ ಇರುವ ಜಿಲ್ಲೆಯೂ ಉಂಟು, ಮಹಾನಗರವೊಂದನ್ನು ಪೂರ್ತಿಯಾಗಿ ಒಳಗೊಂಡ ಜಿಲ್ಲೆಯೂ ಉಂಟು. ಒಟ್ಟು ಸಂಖ್ಯೆ ಸುಮಾರು 13,000. ಬಹುಪಾಲು ಜಿಲ್ಲೆಗಳನ್ನು ಊರವರೇ ಚುನಾಯಿಸಿದ ಮಂಡಲಿ ನಡೆಸುತ್ತದೆ. ಖರ್ಚಿನ ದೊಡ್ಡದೊಂದು ಪಾಲು ಊರಿನ ಮನೆ ಜಮೀನುಗಳ ಮೇಲಿನ ತೆರಿಗೆಯಿಂದ ಬರುತ್ತದೆ. ತೆರಿಗೆ ತೆತ್ತವನು ಲೆಕ್ಕ ಕೇಳುವುದು ಸಹಜವಷ್ಟೆ.

2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರು ರುಜು ಹಾಕಿದ ಕಾನೂನು ಈ ಲೆಕ್ಕವನ್ನು ಕಡ್ಡಾಯ ಮಾಡಿತು. ಮೂರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪ್ರತಿವರ್ಷವೂ ಓದು ಮತ್ತು ಗಣಿತದಲ್ಲಿ ಪರೀಕ್ಷೆ ನಡೆಯಬೇಕು. ಫಲಿತಾಂಶವನ್ನು ಶಾಲೆಶಾಲೆಯದಾಗಿ ಬಹಿರಂಗಪಡಿಸಬೇಕು. ಅದರಲ್ಲಿಯೂ ಒಟ್ಟು ಸರಾಸರಿಯ ಹಿಂದೆ ಅವಿತುಕೊಳ್ಳಕೂಡದು: ಬಡ ಮಕ್ಕಳು, ಕಪ್ಪು ಜನಾಂಗದ ಮಕ್ಕಳು, ಅಂಗವೈಕಲ್ಯವುಳ್ಳವರು, ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವವರು, ಹೀಗೆ ಗುಂಪುಗುಂಪಾಗಿ ತೋರಿಸಬೇಕು. ಗುಂಪು ತೀರ ಚಿಕ್ಕದಾದರೆ ಮಾತ್ರ ಅಂಕಿಯನ್ನು ಮರೆಮಾಡುತ್ತಾರೆ. ತರಗತಿಯಲ್ಲಿ ಅಂಥ ಮಕ್ಕಳು ಮೂವರೇ ಇದ್ದರೆ ನಪಾಸಾದವನು ಯಾರೆಂಬುದು ಊರಿಗೆಲ್ಲ ತಿಳಿದುಹೋಗುವುದಲ್ಲವೆ! 2015ರ ಡಿಸೆಂಬರಿನಲ್ಲಿ ಅಧ್ಯಕ್ಷ ಒಬಾಮ ಅವರ ಕಾಲದ ಹೊಸ ಕಾನೂನು ಬಂದಾಗ ಹಳೆಯದರ ದಂಡನೆಗಳು ಬಹುಮಟ್ಟಿಗೆ ಸಡಿಲವಾದುವು. ಪ್ರಗತಿಪತ್ರ ಮಾತ್ರ ಉಳಿಯಿತು, ಬೆಳೆಯಿತು ಕೂಡ. ಪ್ರತಿ ವಿದ್ಯಾರ್ಥಿಗೆ ಶಾಲೆ ಎಷ್ಟು ಡಾಲರು ವೆಚ್ಚ ಮಾಡುತ್ತದೆ, ಪದೇಪದೇ ಗೈರುಹಾಜರಾಗುವವರೆಷ್ಟು ಎಂಬ ವಿವರಗಳೂ ಸೇರಿಕೊಂಡುವು. ಪತ್ರವು ಚಿಕ್ಕದಾಗಿರಬೇಕು, ಸುಲಭವಾಗಿ ಅರ್ಥವಾಗಬೇಕು, ಸಾಧ್ಯವಾದಷ್ಟೂ ತಂದೆತಾಯಿಗಳ ಭಾಷೆಯಲ್ಲಿರಬೇಕು ಎಂದೂ ಕಾನೂನು ಹೇಳಿತು.

ಇದು ಬರಿಯ ಸೌಜನ್ಯದ ಮಾತಲ್ಲ. ಉತ್ತರ ಕೆರೊಲಿನ ರಾಜ್ಯದ ಶಾರ್ಲಟ್ ನಗರದಲ್ಲಿ ನಡೆದುದನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ತಂದೆತಾಯಿಗಳು ಮಗುವಿಗೆ ಬೇಕಾದ ಶಾಲೆಗಳನ್ನು ಆರಿಸಿ ಅರ್ಜಿ ಹಾಕಬಹುದಾಗಿತ್ತು. ಜಿಲ್ಲೆಯವರು ಒಂದು ದಪ್ಪ ಕೈಪಿಡಿಯನ್ನು ಹಂಚುತ್ತಿದ್ದರು. ಅದರಲ್ಲಿ ಪ್ರತಿ ಶಾಲೆಯೂ ತನ್ನ ಗುಣಗಾನವನ್ನು ತಾನೇ ಮಾಡಿಕೊಂಡಿತ್ತು. ಪರೀಕ್ಷೆಯ ಅಂಕಗಳು ಮಾತ್ರ ಇರಲಿಲ್ಲ. 2004ರಲ್ಲಿ, ಹೊಸ ಕಾನೂನಿನ ದೆಸೆಯಿಂದ, ಹಿಂದುಳಿದ ಶಾಲೆಗಳ ಮಕ್ಕಳ ಮನೆಗಳಿಗೆ ಎಲ್ಲ ಶಾಲೆಗಳ ಅಂಕಗಳ ಪಟ್ಟಿ ಹೋಯಿತು. ಕೆಲವೇ ಹಾಳೆಗಳ ಆ ನೀರಸ ಪಟ್ಟಿ ಕೈಪಿಡಿಯಿಂದಾಗದ ಕೆಲಸವನ್ನು ಮಾಡಿತು. ಜಸ್ಟೀನ್ ಹೇಸ್ಟಿಂಗ್ಸ್, ಜೆಫ್ರಿ ವೈನ್‌ಸ್ಟೀನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂಥ ಪಟ್ಟಿಯನ್ನು ಕಂಡ ಮೇಲೆ ಹೆಚ್ಚು ಅಂಕದ ಶಾಲೆಯನ್ನು ಆರಿಸಿಕೊಂಡವರ ಪ್ರಮಾಣ ನೂರಕ್ಕೆ ಐದರಿಂದ ಏಳರಷ್ಟು ಏರಿತು. ಬಡ ತಂದೆತಾಯಿಗಳಿಗೆ ವಿದ್ಯೆಯ ಚಿಂತೆಯಿಲ್ಲವೆನ್ನುವವರಿಗೆ ಇದು ಉತ್ತರ. ಆದರೆ ಒಳ್ಳೆಯ ಶಾಲೆ ಮನೆಗೆ ಸಮೀಪದಲ್ಲಿದ್ದವರಿಗೇ ಪಟ್ಟಿಯಿಂದ ಹೆಚ್ಚು ಪ್ರಯೋಜನವಾಯಿತು.

ಇಡೀ ಶಾಲೆಯ ಹಣೆಬರಹವನ್ನು ಒಂದೇ ಅಕ್ಷರದಲ್ಲಿ ಬರೆಯುವ ಪದ್ಧತಿಯೂ ಉಂಟು. ಫ್ಲಾರಿಡ ರಾಜ್ಯವು 1999ರಿಂದ ‘ಎ’ ಯಿಂದ ‘ಎಫ್’ ವರೆಗೆ ದರ್ಜೆ ಕೊಡುತ್ತ ಬಂದಿದೆ. ನ್ಯೂಯಾರ್ಕ್ ನಗರ 2007ರಲ್ಲಿ ಹಾಗೆಯೇ ಆರಂಭಿಸಿತು. ಕೆಳದರ್ಜೆ ಪಡೆದ ಶಾಲೆಗಳು ಎಚ್ಚೆತ್ತು ಕೆಲವೇ ತಿಂಗಳಲ್ಲಿ ಅಂಕಗಳನ್ನು ಏರಿಸಿಕೊಂಡದ್ದೂ ಉಂಟು. ಆದರೂ ಹೊಸ ಮೇಯರ್ ಬಂದ 2014ರಲ್ಲಿ ನಗರವು ಅಕ್ಷರಗಳನ್ನು ಕೈಬಿಟ್ಟಿತು.

ಅಕ್ಷರವಾಗಲಿ ಅಂಕವಾಗಲಿ ಅಳೆಯುವುದು ಏನನ್ನು? ತೊಡಕಿರುವುದು ಇಲ್ಲಿಯೇ. ಉತ್ತರ ಕೆರೊಲಿನದಲ್ಲಿ 2015ರಲ್ಲಿ ಮೊದಲ ಬಾರಿಗೆ ದರ್ಜೆಗಳು ಹೊರಬಿದ್ದಾಗ, ನೂರರಲ್ಲಿ 80 ಪಾಲು ಮಕ್ಕಳು ಗಳಿಸಿದ ಅಂಕಗಳಿಗೆ, 20 ಪಾಲು ಮಾತ್ರ ವರ್ಷದಲ್ಲಿ ಮಕ್ಕಳು ಮುಂದುವರಿದ ದೂರಕ್ಕೆ. ಓದಿದವರ ಮನೆಯಿಂದ, ಪುಸ್ತಕಗಳ ನಡುವಿನಿಂದ ಬಂದ ಮಗು ಮೊದಲ ದಿನವೇ ಮುಂದಿರುತ್ತದೆ. ಅದಕ್ಕೆ ಶಾಲೆಯನ್ನು ಹೊಗಳುವುದೆಂದರೆ ಬೆಟ್ಟದ ಮೇಲೆ ಹುಟ್ಟಿದವನನ್ನು ಬೆಟ್ಟ ಹತ್ತಿದನೆಂದು ಕೊಂಡಾಡಿದಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಾನ್ ರಿಯರ್ಡನ್ ಅವರು 2017ರಲ್ಲಿ ಹೊರತಂದ ಅಧ್ಯಯನವು ಇದನ್ನು ಸ್ಪಷ್ಟಮಾಡಿತು. ಸರಾಸರಿಯಲ್ಲಿ ಕೆಳಗಿದ್ದು ಎಲ್ಲರ ನಿಂದೆಗೂ ಗುರಿಯಾಗಿದ್ದ ಶಿಕಾಗೊ ಜಿಲ್ಲೆಯಲ್ಲಿ, 2009ರಿಂದ 2014ರ ಅವಧಿಯಲ್ಲಿ, ಮೂರನೆಯ ತರಗತಿಯಿಂದ ಎಂಟನೆಯದಕ್ಕೆ ಬರುವ ಐದು ವರ್ಷಗಳಲ್ಲಿ ಮಕ್ಕಳು ಸುಮಾರು ಆರು ವರ್ಷದ ವಿದ್ಯೆಯನ್ನು ಕಲಿತಿದ್ದರು! ಸರಾಸರಿಯನ್ನಷ್ಟೇ ಕಂಡ ತಂದೆತಾಯಿಗಳಿಗೆ ಇದು ತಿಳಿಯುವುದೆಂತು?

ತಿಳಿಯದಿದ್ದರೆ ಹಣವೂ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ನಿರ್ಧರಿಸುವುದರಿಂದ ಅಂಕಗಳು ಮನೆಯ ಬೆಲೆಯಲ್ಲಿ ಸೇರಿಕೊಂಡಿವೆ. ಬಾಸ್ಟನ್ನಿನ ಉಪನಗರಗಳ ಮನೆಗಳನ್ನು ಪರಿಶೀಲಿಸಿದ ಸಾಂಡ್ರ ಬ್ಲ್ಯಾಕ್ ಎಂಬವರು, ಶಾಲೆಯ ಅಂಕ ನೂರಕ್ಕೆ ಐದು ಹೆಚ್ಚಿದರೆ ಮನೆಗೆ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಬೆಲೆ ಕೊಡುತ್ತಾರೆಂದು 1999ರಲ್ಲಿಯೇ ತೋರಿಸಿದ್ದರು. ಸರಕಾರದ ಅಂಕಿಗಳನ್ನು ಬಳಸಿ ಖಾಸಗಿ ಸಂಸ್ಥೆಗಳು ಶಾಲೆಗೆ ಹತ್ತರಲ್ಲಿ ಇಷ್ಟೆಂದು ಅಂಕ ಹಾಕುತ್ತವೆ. ಮನೆ ಮಾರುವ ಜಾಹೀರಾತಿನಲ್ಲಿಯೂ ಅದು ಕಾಣುತ್ತದೆ.

ಉದ್ಯೋಗಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳೂ ಮನೆ ಹುಡುಕುವಾಗ ಮೊದಲು ಈ ಅಂಕದ ಮೇಲೆ ಬೆರಳಿಡುವುದು ಅಪರೂಪವಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂದು ಪತ್ರಿಕೆಯಲ್ಲಿ ನೋಡಿ ಬೆಳೆದವರಿಗೆ ಇದು ಪರಿಚಿತ ದೃಷ್ಟಿಯೇ. ಬಹುತೇಕ ರಾಜ್ಯಗಳ ಪತ್ರದಲ್ಲಿ ‘ಬೆಳವಣಿಗೆ’ ಎಂಬ ಬೇರೆಯೇ ಅಂಕಣವಿರುತ್ತದೆ. ಶಾಲೆ ಮಾಡಿದ ಕೆಲಸ ಹೆಚ್ಚಾಗಿ ಕಾಣುವುದು ಅಲ್ಲಿಯೇ. ಜತೆಗೆ, ಬಡಮಕ್ಕಳಿಗೆಂದು ಕೇಂದ್ರ ಸರಕಾರದ ಹಣ ಪಡೆಯುವ ಶಾಲೆಗಳಲ್ಲಿ, ತಮ್ಮ ಮಗುವಿಗೆ ಪಾಠ ಹೇಳುವ ಉಪಾಧ್ಯಾಯರ ಅರ್ಹತೆಯೇನೆಂದು ಕೇಳಿ ತಿಳಿಯುವ ಹಕ್ಕು ತಂದೆತಾಯಿಗಳಿಗುಂಟು. ಆ ಹಕ್ಕು ಇದೆಯೆಂಬುದನ್ನು ಪ್ರತಿವರ್ಷದ ಆರಂಭದಲ್ಲಿ ಶಾಲಾ ಜಿಲ್ಲೆಯೇ ಅವರಿಗೆ ತಿಳಿಸತಕ್ಕದ್ದು.